ಮೇಷ್ಟ್ರು ಇದ್ದ ಫೋಟೋ

ಆಗೆಲ್ಲ ಭಾನುವಾರ ಬೆಳಿಗ್ಗೆ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ನಡುಮನೆಯ ಕಿಟಕಿಗೆ ಅಡ್ಡ ಯಾರೂ ನಿಲ್ಲುವ ಹಾಗಿರಲಿಲ್ಲ. ಬಿಸಿಲು ಗ್ರಿಲ್ ದಾಟಿ ನೆಲಕ್ಕೆ ಬೀಳುವ ಹೊತ್ತಿಗೆ ಅಪ್ಪ ಅಲ್ಲಿ ಕಪ್ಪು ಬಟ್ಟೆ ಹಾಸಿ, ಪಕ್ಕಕ್ಕೆ ಬೆಳಕು ತಿರುಗಲಿ ಅಂತ ಒಂದು ಥರ್ಮೋಕೋಲ್ ಹಾಳೆ ಒರಗಿಸಿ, ಲುಂಗಿ ಬನಿಯನ್ನಿನಲ್ಲಿ ಬೋರಲು ಮಲಗಿರುತ್ತಿದ್ದ. ಕಣ್ಣಿಗೆ ಕ್ಯಾಮೆರಾ. ಮುಂದೆ, ಬಟ್ಟೆಯ ನಡುವೆ, ಮೇಷ್ಟ್ರು.

ಮೇಷ್ಟ್ರು ಅಂದರೆ ನಾವು ಸಾಕಿದ್ದ ಜರ್ಬಿಲ್. ಇಲಿಗೆ ದಾಯಾದಿ ಅನ್ನಬಹುದಾದ ಒಂದು ಸಣ್ಣ ಪ್ರಾಣಿ. ಅಂಗೈಯಲ್ಲಿ ಹಿಡಿಸುವ ಮೈ, ಬೆಲ್ಲದ ಬಣ್ಣ, ಬಾಲದ ತುದಿಗೆ ಕುಂಚದ ಹಾಗೆ ಕೂದಲು. ಹಿಂಗಾಲ ಮೇಲೆ ಎದ್ದು, ಎರಡು ಪುಟ್ಟ ಕೈಗಳನ್ನು ಎದೆಯ ಹತ್ತಿರ ಇಟ್ಟುಕೊಂಡು ನಿಂತರೆ ಥೇಟು ಶಾಲೆಯ ಪ್ರಾರ್ಥನೆಗೆ ನಿಂತ ಹೆಡ್‌ಮೇಷ್ಟ್ರು. ಹಾಗಂತ ಹೆಸರಿಟ್ಟವನು ಅಪ್ಪ. ಬಹುವಚನ ಬಿಟ್ಟು ಅದನ್ನು ಅವನು ಮಾತಾಡಿಸಿದ್ದೇ ಇಲ್ಲ.

ಆ ಕೊನೆಯ ಭಾನುವಾರವೂ ಹಾಗೇ ಶುರುವಾಯಿತು. ಅವರೆಕಾಯಿಯ ಕಾಲ. ಅಮ್ಮ ಒಳಗೆ ಉಪ್ಪಿಟ್ಟಿಗೆ ಕಾಳು ಬೇಯಿಸುತ್ತಿದ್ದಳು, ಸೊಗಡಿನ ವಾಸನೆ ಮನೆಯನ್ನೆಲ್ಲ ತುಂಬಿತ್ತು. ತಂಗಿ ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದಳು. ನಾನು ಆಗ ಆರನೇ ಕ್ಲಾಸು.

"ಮೇಷ್ಟ್ರು ಎದ್ದವ್ರೇನೇ ಪುಟ್ಟಿ?"

"ಎದ್ದವ್ರೆ. ಮುಖ ಉಜ್ಕತಾವ್ರೆ."

"ಸ್ವಲ್ಪ ಈ ಕಡೆ ತಿರುಗಿ ಮೇಷ್ಟ್ರೆ. ಹಾಂ. ನಗಲೇಬೇಕು ಅಂತೇನಿಲ್ಲ, ಹಂಗೇ ಇರಿ."

ಅಡುಗೆಮನೆಯಿಂದ ಅಮ್ಮನ ದನಿ: "ಇಲಿಗೆ ನಡೀತಿರೋ ಸೇವೆ ನೋಡು. ಹೆಂಡ್ತಿದೊಂದು ಫೋಟೋ ತೆಗೆಯೋಕೆ ಪುರುಸೊತ್ತಿಲ್ಲ ಫೋಟೋದೋರಿಗೆ."

"ಬಾರೇ, ನೀನೂ ಬಂದು ಪಕ್ಕ ಕೂತ್ಕೋ. ಜೋಡಿ ಫೋಟೋ ತೆಗೀತೀನಿ."

"ತೆಗೀರಿ. ತೆಗ್ದು ಕುಣಿಗಲ್ಲಿಗೆ ನಿಮ್ಮಣ್ಣಂಗೂ ಒಂದು ಕಾಪಿ ಕಳ್ಸಿ."

ಮೂವರೂ ನಕ್ಕೆವು. ಅಪ್ಪನ ಅಣ್ಣ, ಕುಣಿಗಲ್ಲಿನ ದೊಡ್ಡಪ್ಪ, ನಿಜವಾದ ಹೆಡ್‌ಮೇಷ್ಟ್ರು. ಮಠದ ಕೆಲಸಗಳಲ್ಲಿ ಮುಂದೆ ನಿಲ್ಲುವವರು, ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥವರು. ತಮ್ಮನಾದವನು ಇಲಿ ಸಾಕಿ ಅದಕ್ಕೆ ಮೇಷ್ಟ್ರು ಅಂತ ಹೆಸರಿಟ್ಟಿದ್ದಾನೆ ಅನ್ನುವುದು ಕಿವಿಗೆ ಬಿದ್ದ ದಿನದಿಂದ ಅವರು ನಮ್ಮ ಮನೆಗೆ ಬಂದರೆ ಮೇಷ್ಟ್ರಿದ್ದ ಗಾಜಿನ ತೊಟ್ಟಿಯ ಕಡೆ ಬೆನ್ನು ಮಾಡಿಯೇ ಕೂರುತ್ತಿದ್ದರು.

ಇದನ್ನು ನಾನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಇಷ್ಟು ವರ್ಷವಾದ ಮೇಲೆ ಸಿಟ್ಟು ಇಳಿಯಬೇಕಿತ್ತು ಅಂತ ಅಮ್ಮ ಹೇಳುತ್ತಾಳೆ. ಇಳಿದಿಲ್ಲ.

ಅಪ್ಪನ ಸ್ಟುಡಿಯೋ ಗುಬ್ಬಿಯಲ್ಲಿತ್ತು, ಸಂತೆಗೆ ಹೋಗುವ ದಾರಿಯಲ್ಲಿ. ಅತ್ತ ಇತ್ತ ಎರಡೂ ಕಡೆ ಕೊಬ್ಬರಿ ಮಂಡಿಗಳು. ಒಳಗೆ ಕಾಲಿಟ್ಟರೆ ಕೊಬ್ಬರಿ ಎಣ್ಣೆಯ ಕಮಟು, ಬಿಸಿ ಲ್ಯಾಮಿನೇಷನ್ನಿನ ವಾಸನೆ, ಬಣ್ಣ ಹೋದ ನೀಲಿ ಪರದೆ. ವರ್ಗವಾಗಿ ಹೋಗುತ್ತಿದ್ದ ಒಬ್ಬ ಆಫೀಸರ್ ಕುಟುಂಬ ಒಂದು ದಿನ ಫೋಟೋ ತೆಗೆಸಿಕೊಳ್ಳಲು ಬಂತು. ಅವರ ಮಗಳ ತೊಡೆಯ ಮೇಲೆ ತೂತು ಹೊಡೆದ ಒಂದು ಡಬ್ಬಿ. ಹೊಸ ಊರಿನ ಕ್ವಾರ್ಟರ್ಸಿಗೆ ಅದನ್ನು ತರಕೂಡದು ಅಂತ ಆ ಹುಡುಗಿಯ ಅಪ್ಪ ಹೇಳಿಬಿಟ್ಟಿದ್ದರಂತೆ. ಅವಳು ಅಳುತ್ತಲೇ ಫೋಟೋಗೆ ಕೂತಿದ್ದಾಳೆ.

"ಇದು ಇಲಿ ಅಲ್ಲ ಅಂಕಲ್, ಜರ್ಬಿಲ್" ಅಂದಳಂತೆ.

"ಏನಾರ ಆಗ್ಲವ್ವ, ಕೊಬ್ಬರಿ ತಿಂತದೋ ಇಲ್ವೋ?" ಅಂದನಂತೆ ಅಪ್ಪ.

ಸಂಜೆ ಬಸ್ಸಿನಲ್ಲಿ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಮನೆಗೆ ಬಂದ. ಅಷ್ಟು ಹೊತ್ತಿಗಾಗಲೇ ಅದಕ್ಕೆ ಅರ್ಧ ಆಯಸ್ಸು ಕಳೆದಿತ್ತು, ನಮಗೆ ಗೊತ್ತಿರಲಿಲ್ಲ. ಹಳೆಯ ಮೀನಿನ ತೊಟ್ಟಿಗೆ ಬಡಗಿ ಅಂಗಡಿಯ ಮರದ ಹೊಟ್ಟು ತುಂಬಿ, ತೆಂಗಿನ ಚಿಪ್ಪಿಗೆ ಬಾಗಿಲು ಕೊರೆದು ಮನೆ ಮಾಡಿಕೊಟ್ಟೆವು. ನವಣೆ, ಸೂರ್ಯಕಾಂತಿ ಬೀಜ, ಉಗುರಿನಷ್ಟು ಕೊಬ್ಬರಿ. ಸ್ಟುಡಿಯೋದ ರಟ್ಟಿನ ಡಬ್ಬಿಗಳೆಲ್ಲ ಮೇಷ್ಟ್ರ ಹಲ್ಲಿಗೆ. ಬೆದರಿದರೆ ಹಿಂಗಾಲು ನೆಲಕ್ಕೆ ಟಪಟಪ ಬಡಿಯುತ್ತಿದ್ದರು. "ಕ್ಲಾಸು ಗಲಾಟೆ ಮಾಡ್ತಾ ಐತೆ, ಮೇಷ್ಟ್ರಿಗೆ ಸಿಟ್ಟು ಬಂತು" ಅನ್ನುತ್ತಿದ್ದ ಅಪ್ಪ.

ಮೇಷ್ಟ್ರಿಗೆ ವಯಸ್ಸಾಗಿದ್ದು ನಮಗೆ ಮೊದಲು ಗೊತ್ತಾಗಿದ್ದು ಒಂದು ದಿನ ಸುಮ್ಮನೆ ತೆಗೆದ ಫೋಟೋದಲ್ಲಿ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುವಾಗ ಅಪ್ಪ ಬೆರಳಿಟ್ಟು ತೋರಿಸಿದ. ಬಲಗಣ್ಣಿನ ಮೇಲೆ ಹಾಲಿನ ಪೊರೆ. ಬಾಲದ ಕೂದಲು ಉದುರಿ ತುದಿ ಬೋಳಾಗಿತ್ತು. ಹೊಟ್ಟೆಯ ಕೆಳಗೆ ಒಂದು ಗಂಟು. ದನದಾಸ್ಪತ್ರೆಗೆ ತೆಗೆದುಕೊಂಡು ಹೋದರೆ ಡಾಕ್ಟರು ಕನ್ನಡಕ ಏರಿಸಿ ನೋಡಿ, "ಹಸು ಆಗಿದ್ರೆ ಏನಾದ್ರೂ ಹೇಳ್ತಿದ್ದೆ ಕಣಪ್ಪ. ಇದಕ್ಕೆ ಚೆನ್ನಾಗಿ ತಿನ್ನೋಕೆ ಕೊಡು" ಅಂದರು. ಆ ವಾರದಿಂದಲೇ ಭಾನುವಾರದ ಫೋಟೋ ಶುರುವಾಗಿದ್ದು. ಮೇಷ್ಟ್ರಿಗೆ ಅಂತಲೇ ಒಂದು ಬೇರೆ ಮೆಮೊರಿ ಕಾರ್ಡ್. ಗಿರಾಕಿಗಳ ಫೋಟೋದ ಜೊತೆ ಬೆರೆಯಬಾರದು ಅಂತ ಅದರ ಫೋಟೋ ಕಂಪ್ಯೂಟರಿಗೂ ಇಳಿಸದೆ ಬೇರೆ ಪುಟ್ಟ ಡಬ್ಬಿಯಲ್ಲಿ ಇಡುತ್ತಿದ್ದ.

"ಕಣ್ಣಿನ ಪೊರೆ ಅಳಿಸಿಬಿಡಪ್ಪ, ಕಂಪ್ಯೂಟರ್‌ನಲ್ಲಿ ಬರುತ್ತಲ್ಲ" ಅಂದೆ ಒಂದು ಸಲ.

"ಅಳಿಸಿದ್ರೆ ಅದು ಬೇರೆ ಯಾವ್ದೋ ಜರ್ಬಿಲ್ ಆಯ್ತದೆ. ನಮ್ಮ ಮೇಷ್ಟ್ರು ಎಲ್ಲಿ?"

ಇದನ್ನು ಹೇಳಿದವನ ಹೊಟ್ಟೆಪಾಡು ಅಳಿಸುವುದರಲ್ಲೇ ಇತ್ತು. ನಮ್ಮ ಕಡೆ ಮನೆಯಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದರೆ ಫೋಟೋದವನಿಗೆ ಹೇಳಿಕಳಿಸುತ್ತಾರೆ. ಬೆಳ್ಳಾವಿ ಕಡೆಯ ಹಳ್ಳಿಗಳಿಗೆಲ್ಲ ಅಪ್ಪ ಬೈಕಿನಲ್ಲಿ ಹೋಗಿ ಬರುತ್ತಿದ್ದ. ಯಾಕೆ ಫೋಟೋ ಅಂತ ಮುದುಕರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆಮೇಲೆ ಸ್ಟುಡಿಯೋಗೆ ಮಕ್ಕಳು ಬರುತ್ತಾರೆ. ಸುಕ್ಕು ತೆಗೀರಿ. ಮುಚ್ಚಿರೋ ಕಣ್ಣು ತೆರೆಸಿ. ನಮ್ಮವ್ವನಿಗೆ ಒಂದು ಎರಡೆಳೆ ಸರ ಹಾಕಿ. ನಮ್ಮಪ್ಪನಿಗೆ ಹಣೆ ತುಂಬ ವಿಭೂತಿ ಇರಲಿ, ಮೈಮೇಲೆ ಕೋಟು ಇರಲಿ. ಅಪ್ಪನ ಕಂಪ್ಯೂಟರಿನಲ್ಲಿ ತಲೆಯಿಲ್ಲದ ಕೋಟುಗಳೇ ಎಷ್ಟೋ ಇದ್ದವು, ಕಪ್ಪು, ಬೂದು, ಕೆಂಪು ಟೈ ಕಟ್ಟಿದ್ದು. ಯಾರ ತಲೆ ಬೇಕಾದರೂ ಕೂರಿಸಬಹುದು. ನಿಮ್ಮ ಮನೆಯ ಗೋಡೆಯ ಮೇಲೂ ಅಂಥದ್ದೊಂದು ಇರಬಹುದು, ಎದ್ದು ಹೋಗಿ ನೋಡಿ. ಕುತ್ತಿಗೆಯ ಹತ್ತಿರ ಗೆರೆ ಕಾಣುತ್ತದೆ.

ಆ ಭಾನುವಾರ ಮೇಷ್ಟ್ರಿಗೆ ನಿಲ್ಲಲು ಆಗಲಿಲ್ಲ. ಹಿಂಗಾಲು ಕುಸಿದು ಪಕ್ಕಕ್ಕೆ ವಾಲುತ್ತಿದ್ದರು. ಮತ್ತೆ ಏಳಲು ನೋಡುವುದು, ಮತ್ತೆ ವಾಲುವುದು. ಅಪ್ಪ ಕ್ಯಾಮೆರಾ ಕೆಳಗಿಟ್ಟ. ಎರಡು ಅಂಗೈ ಜೋಡಿಸಿ ಅದನ್ನು ಎತ್ತಿಕೊಂಡು, ಬೆನ್ನಿಗೆ ಎರಡೂ ಹೆಬ್ಬೆರಳು ಆನಿಸಿ, ನಿಂತ ಹಾಗೆ ಹಿಡಿದ.

"ಪುಟ್ಟಿ, ನಾನು ಹಿಡ್ಕಂಡಿರ್ತೀನಿ. ನೀನೇ ಒತ್ತು."

"ನಿನ್ನ ಮುಖನೂ ಬರುತ್ತಪ್ಪ."

"ಬಂದ್ರೆ ಬರ್ಲಿ ಬುಡು. ಮೇಷ್ಟ್ರ ಕಣ್ಣು ಶಾರ್ಪಾಗಿರಬೇಕು, ಅಷ್ಟೆ. ಉಸಿರು ಬಿಗಿ ಹಿಡಿದು ಒತ್ತಬೇಕು, ಗೊತ್ತಲ್ಲ?"

ಒತ್ತಿದೆ. ಅಪ್ಪ ತಲೆ ವಾಲಿಸಿ ಕೆಳಗೆ ನೋಡುತ್ತಿದ್ದ, ಕೈಯೊಳಗಿನ ಆ ಮುದಿ ಜೀವವನ್ನು. ಅವನ ಎಡಗಣ್ಣು ಮೊದಲಿನಿಂದಲೂ ಬಲಗಣ್ಣಿಗಿಂತ ಸ್ವಲ್ಪ ಕಿರಿದು, ಸದಾ ಕ್ಯಾಮೆರಾಕ್ಕೆ ಮುಚ್ಚಿ ಮುಚ್ಚಿ ಹಾಗಾಯಿತು ಅಂತ ತಮಾಷೆ ಮಾಡುತ್ತಿದ್ದ. ಅದರ ಸುತ್ತ ನಗುವಿನ ಸುಕ್ಕು. ಹೆಬ್ಬೆರಳ ಮೇಲೆ ಲ್ಯಾಮಿನೇಷನ್ ಮೆಷಿನ್ ಸುಟ್ಟ ಕಲೆ. ಮೇಷ್ಟ್ರು ನೆಟ್ಟಗೆ ಕ್ಯಾಮೆರಾ ನೋಡುತ್ತಿದ್ದರು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿ ಅಪ್ಪ, "ಪರ್ವಾಗಿಲ್ವೇ! ನಾಳೆಯಿಂದ ಅಂಗಡಿಗೆ ನೀನೇ ಹೋಗು, ನಾನು ಮಲ್ಕಂತೀನಿ" ಅಂದ. ಆಮೇಲೆ ಉಪ್ಪಿಟ್ಟು ತಿಂದೆವು.

ಅದೇ ವಾರ ಕುಣಿಗಲ್ಲಿನಲ್ಲಿ ಒಂದು ಮದುವೆಯ ಫೋಟೋಗೆ ಹೋದವನು ಛತ್ರದಲ್ಲಿ, ಧಾರೆಯ ಹೊತ್ತಿಗೆ, ಎದೆ ಹಿಡಿದುಕೊಂಡು ಕೂತನಂತೆ. ಆಸ್ಪತ್ರೆ ತಲುಪುವ ಮೊದಲೇ ಹೋದ. ದೊಡ್ಡಪ್ಪನ ತೋಟದಲ್ಲೇ ಮಣ್ಣು ಮಾಡಿದರು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಅಪ್ಪನ ಕಾರ್ಯಕ್ಕೆ, ನಮ್ಮ ಮನೆಯಲ್ಲಿ ಇಟ್ಟುಕೊಂಡ ಶಿವಗಣಾರಾಧನೆಗೆ, ಫೋಟೋ ಬೇಕಾಯಿತು. ಹಾರ ಹಾಕಲು ಒಂದು, ಬೀದಿಯ ತುದಿಯ ಫ್ಲೆಕ್ಸಿಗೆ ಒಂದು. ಹುಡುಕಿದರೆ ಅಪ್ಪನ ಫೋಟೋ ಇಲ್ಲವೇ ಇಲ್ಲ. ತಾಲ್ಲೂಕಿನ ಅರ್ಧ ಜನರ ಮುಖ ಹಿಡಿದವನು ಎಲ್ಲ ಮದುವೆಯಲ್ಲೂ ಕ್ಯಾಮೆರಾದ ಹಿಂದೆಯೇ ಇದ್ದ. ಅವನದೇ ಮದುವೆಯ ಆಲ್ಬಮ್ ಗೋಡೆಯ ತೇವಕ್ಕೆ ಹಾಳೆಗೆ ಹಾಳೆ ಅಂಟಿಕೊಂಡಿತ್ತು, ಬಿಡಿಸಲು ಹೋದರೆ ಮುಖವೇ ಎದ್ದು ಬಂತು. ವೋಟರ್ ಕಾರ್ಡಿನಲ್ಲಿ ಹೊಗೆಯ ಹಾಗೆ ಏನೋ ಒಂದು. ಆಗ ನಾನೇ ಹೇಳಿದೆ, ಮೇಷ್ಟ್ರ ಮೆಮೊರಿ ಕಾರ್ಡಿನಲ್ಲಿ ಒಂದಿದೆ ಅಂತ. ಅಮ್ಮ ಆ ಪುಟ್ಟ ಡಬ್ಬಿ ತಂದು ದೊಡ್ಡಪ್ಪನ ಕೈಗಿಟ್ಟಳು.

ಅದನ್ನು ಇದ್ದ ಹಾಗೆಯೇ ದೊಡ್ಡದು ಮಾಡಿಸುತ್ತಾರೆ ಅಂತ ನಾನು ನಂಬಿದ್ದೆ. ಹಾರ ಹಾಕಿದರೆ ಮೇಷ್ಟ್ರ ಮುಖ ಮುಚ್ಚದ ಹಾಗೆ ಸ್ವಲ್ಪ ಅಗಲ ಮಾಡಿ ಹಾಕಬೇಕು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ.

ಕುಣಿಗಲ್ಲಿನ ಯಾವುದೋ ಸ್ಟುಡಿಯೋದವನು ಕಾರ್ಯದ ದಿನ ಬೆಳಿಗ್ಗೆ ತಾನೇ ಫ್ರೇಮು ತಂದು ಪೇಪರ್ ಬಿಚ್ಚಿದ. ಹಿಂದೆ ಕೈಲಾಸ, ಮೋಡ. ಮುಂದೆ ಕಪ್ಪು ಕೋಟು, ಕೆಂಪು ಟೈ. ಹಣೆಯ ತುಂಬ ವಿಭೂತಿ, ಸ್ಕೇಲಿಟ್ಟು ಎಳೆದ ಹಾಗೆ. ಕೆನ್ನೆಯ ಸುಕ್ಕೆಲ್ಲ ಹೋಗಿ ಮೈದಾ ಹಿಟ್ಟಿನ ಮುಖ. ಕೋಟು ನೆಟ್ಟಗೆ ಕೂತಿದೆ, ತಲೆ ಮಾತ್ರ ವಾಲಿದೆ, ಕಿವಿ ಕೇಳಿಸದವರು ಕೇಳಿಸಿಕೊಳ್ಳುವ ಹಾಗೆ. ಮತ್ತೆ ಕಣ್ಣು. ಎರಡೂ ಒಂದೇ ಅಳತೆ, ಎರಡೂ ನನ್ನನ್ನೇ ನೋಡುತ್ತಿವೆ.

"ಕಣ್ಣು ಕೆಳಗಿತ್ತು ಸಾರ್" ಅಂದ ಸ್ಟುಡಿಯೋದವನು ದೊಡ್ಡಪ್ಪನಿಗೆ, ಹೆಮ್ಮೆಯಿಂದ. "ಬೇರೇದು ಕೂರ್ಸಿವ್ನಿ. ಗೊತ್ತೇ ಆಗಲ್ಲ ನೋಡಿ."

"ಇದು ಯಾರು?" ಅಂದೆ ನಾನು.

"ನಿಮ್ಮಪ್ಪ ಕಣಮ್ಮ" ಅಂದರು ದೊಡ್ಡಪ್ಪ.

"ಅಪ್ಪನಿಗೆ ಕೋಟಿಲ್ಲ."

"ಇರಬೇಕಿತ್ತಮ್ಮ" ಅಂದರು.

ದೊಡ್ಡಮ್ಮ ಕಣ್ಣೊರೆಸಿಕೊಂಡು, "ಎಷ್ಟು ಲಕ್ಷಣವಾಗವ್ನೆ, ಮದ್ವೆ ಗಂಡಿನಂಗೆ" ಅಂದರು. ಬಂದ ಹೆಂಗಸರೆಲ್ಲ ಹೌದು ಹೌದು ಅಂದರು. ನಾನು ಮೇಷ್ಟ್ರೆಲ್ಲಿ, ಕೈಯೆಲ್ಲಿ ಅಂತ ಕಿರುಚಿದೆ. ಅಮ್ಮ ನನ್ನ ರಟ್ಟೆ ಹಿಡಿದು ಒಳಕ್ಕೆ ಎಳೆದುಕೊಂಡು ಹೋದಳು.

"ಸುಮ್ಕಿರೇ. ಭಾವನೋರೇ ನಿಂತು ಎಲ್ಲಾ ಮಾಡ್ತಾವ್ರೆ. ಮರ್ಯಾದೆ ಕಳೀಬೇಡ."

"ಅದು ಅಪ್ಪ ಅಲ್ಲಮ್ಮ."

"ನಂಗೆ ಗೊತ್ತಿಲ್ವೇನೇ?" ಅಂದಳು, ಹಲ್ಲು ಕಚ್ಚಿ. ಅಷ್ಟು ಹೇಳಿ ಹೊರಗೆ ಹೋಗಿ ಆ ಫೋಟೋಗೆ ಮೊದಲ ಹೂವು ಇಟ್ಟವಳೂ ಅವಳೇ. ಅವಳ ಮೇಲೂ ನನಗೆ ಸಿಟ್ಟಿದೆ. ಗೊತ್ತಿದ್ದೂ ಇಟ್ಟಳು.

ಅಷ್ಟಕ್ಕೇ ಮುಗಿದಿದ್ದರೂ ಆಗುತ್ತಿತ್ತು, ಅಸಲು ಫೋಟೋ ಕಾರ್ಡಿನಲ್ಲಿ ಇದೆಯಲ್ಲ ಅಂತ ನಾನು ಸಮಾಧಾನ ಮಾಡಿಕೊಂಡಿದ್ದೆ. ಮಧ್ಯಾಹ್ನ ಕಾರ್ಯದ ವಿಡಿಯೋ ತೆಗೆಯಲು ಅಪ್ಪನ ಒಬ್ಬ ಸ್ನೇಹಿತ ಬಂದಿದ್ದ, ಅಳುತ್ತಲೇ ತೆಗೆಯುತ್ತಿದ್ದ. ಅವನ ಕಾರ್ಡ್ ತುಂಬಿತು. ದೊಡ್ಡಪ್ಪ ಜೇಬಿನಿಂದ ನಮ್ಮ ಕಾರ್ಡ್ ತೆಗೆದು ಕೊಟ್ಟರು. ನಾನು ಬಾಗಿಲ ಹತ್ತಿರವೇ ಇದ್ದೆ. ಅವರ ಮಾತು ಸರಿಯಾಗಿ ಕೇಳಿಸಿತು. ಅವರು ಅಂದ ತೆಗೆಯುವುದು ಅಂದರೆ ಅಳಿಸುವುದು ಅಂತ ಮಾತ್ರ ಆಗ ಹೊಳೆಯಲಿಲ್ಲ.

"ಇದರಲ್ಲಿ ಇರೋದನ್ನೆಲ್ಲ ತೆಗ್ದು ಹಾಕಪ್ಪ. ಇಲಿ ಬಿಟ್ರೆ ಇನ್ನೇನೂ ಇಲ್ಲ."

ಹೀಗೆ ಅಪ್ಪ ಬೋರಲು ಮಲಗಿ ತೆಗೆದ ಅಷ್ಟೂ ಭಾನುವಾರಗಳ ಮೇಲೆ ಪಂಕ್ತಿಯಲ್ಲಿ ಕೂತ ಜನ ಲಾಡು ತಿಂದರು. ಆ ವಿಡಿಯೋ ನಮ್ಮ ಮನೆಯಲ್ಲಿ ಇನ್ನೂ ಇದೆ. ಪಾಯಸ ಬಡಿಸುವುದು, "ಇನ್ನೊಂಚೂರು ಹಾಕ್ರೀ" ಅನ್ನುವುದು, ಕೈ ತೊಳೆಯುವುದು. ಒಬ್ಬರು ಬಾಯಿ ತುಂಬ ಅನ್ನ ಇಟ್ಟುಕೊಂಡು ಕ್ಯಾಮೆರಾ ನೋಡಿ ಮುಖ ಸಪ್ಪಗೆ ಮಾಡುತ್ತಾರೆ. ದೊಡ್ಡವಳಾದ ಮೇಲೆ ಆ ಕಾರ್ಡನ್ನು ತುಮಕೂರಿನಲ್ಲಿ ಒಬ್ಬರಿಗೆ, ಬೆಂಗಳೂರಿನಲ್ಲಿ ಒಬ್ಬರಿಗೆ ಕೊಟ್ಟು ನೋಡಿದೆ, ಅಳಿಸಿಹೋದದ್ದನ್ನು ಮರಳಿ ತೆಗೆಯುತ್ತಾರಂತೆ ಅಂತ. ಇಬ್ಬರ ಕೈಗೂ ಸಿಕ್ಕಿದ್ದು ಲಾಡುವೇ. ಕುಣಿಗಲ್ಲಿನ ಆ ಸ್ಟುಡಿಯೋಗೂ ಹೋದೆ. "ಎಷ್ಟೂಂತ ಇಟ್ಕಳೋದು ಮೇಡಂ, ಪ್ರಿಂಟ್ ಆದ್ಮೇಲೆ ತೆಗ್ದುಬಿಡ್ತೀವಿ" ಅಂದ. ನನ್ನ ಅಪ್ಪನೂ ಯಾರಿಗೋ ಹಾಗೇ ಹೇಳಿರುತ್ತಾನೆ. ಯಾರ್ಯಾರದೋ ಅವ್ವಂದಿರ ಸುಕ್ಕು, ಯಾರ್ಯಾರದೋ ಅಪ್ಪಂದಿರ ಭುಜ ಅವನೂ ಅಳಿಸಿದ್ದಾನೆ. ಅದನ್ನು ನೆನೆದರೆ ಸಿಟ್ಟು ಯಾರ ಮೇಲೆ ಬಿಡಬೇಕೋ ತಿಳಿಯುವುದಿಲ್ಲ. ಅವನ ಮೇಲೂ ಬರುತ್ತದೆ. ಇಲಿಗೆ ಒಂದು ಕಾರ್ಡ್ ತುಂಬ ಫೋಟೋ ತೆಗೆದವನು ಹೆಂಡತಿ ಮಕ್ಕಳಿಗಾಗಿ ಒಂದು ಸಲ ಪರದೆಯ ಮುಂದೆ ಕೂರಬಾರದಿತ್ತೇ?

ಮೇಷ್ಟ್ರು ಅಪ್ಪನಿಗಿಂತ ಹೆಚ್ಚು ದಿನ ಇದ್ದರು. ಅವರೇ ಮೊದಲು ಹೋಗುತ್ತಾರೆ ಅಂತ ಅಷ್ಟೆಲ್ಲ ತಯಾರಿ ನಡೆಸಿದ್ದೆವು. ಕೊಬ್ಬರಿ ಅಗಿಯಲು ಆಗದಾದಾಗ ನಾನು ಹಲ್ಲಿನಲ್ಲಿ ಅಗಿದು ಬೆರಳ ತುದಿಯಲ್ಲಿ ಇಡುತ್ತಿದ್ದೆ, ಅವರು ನೆಕ್ಕುತ್ತಿದ್ದರು. ಅವರೆಕಾಯಿ ಮುಗಿದು ಮಾವು ಹೂ ಬಿಟ್ಟಿತ್ತು. ಒಂದು ಬೆಳಿಗ್ಗೆ ಚಿಪ್ಪಿನೊಳಗೆ ಸುರುಟಿಕೊಂಡು ತಣ್ಣಗಾಗಿದ್ದರು. ಫೋಟೋ ತೆಗೆಯಲು ಕ್ಯಾಮೆರಾ ಇರಲಿಲ್ಲ, ಸ್ಟುಡಿಯೋ ಖಾಲಿ ಮಾಡುವಾಗ ಅದೂ ಹೋಗಿತ್ತು. ಹಿತ್ತಲ ಕರಿಬೇವಿನ ಬುಡದಲ್ಲಿ ಗುಂಡಿ ತೋಡುವಾಗ ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವತ್ತು ದೊಡ್ಡಪ್ಪ ಅಂಗಡಿಯ ಬಾಕಿ ಬಾಡಿಗೆಯ ವಿಷಯ ಮಾತಾಡಲು ಬಂದಿದ್ದರು.

"ಅಪ್ಪ ಹೋದಾಗ ಒಂದು ಹನಿ ಹಾಕಲಿಲ್ಲ ಇವಳು" ಅಂದರು. "ಈಗ ಇಲಿಗೆ ಅಳ್ತಾವ್ಳೆ."

ಅಮ್ಮ ಕಾಫಿಯ ಲೋಟ ಅವರ ಮುಂದೆ ಸ್ವಲ್ಪ ಜೋರಾಗಿಯೇ ಕುಕ್ಕಿ, ಹಿತ್ತಲಿಗೆ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಯಾವತ್ತೂ ಇಲಿ ಅಂತಲೇ ಕರೆದವಳು, "ಮೇಷ್ಟ್ರು ನರಳಲಿಲ್ಲ ಅಲ್ವೇನೇ?" ಅಂದಳು. ಕೈಯಲ್ಲೇ ಮಣ್ಣು ಎಳೆದಳು.

ದೊಡ್ಡಪ್ಪ ಕೆಟ್ಟವರೇನಲ್ಲ. ನಮ್ಮಿಬ್ಬರ ಓದು ನಿಲ್ಲದ ಹಾಗೆ ನೋಡಿಕೊಂಡರು. ಪ್ರತಿ ವರ್ಷ ಅಪ್ಪನ ದಿನಕ್ಕೆ ತಪ್ಪದೆ ಬರುತ್ತಾರೆ, ಈಗ ಕೋಲು ಹಿಡಿದು ಬರುತ್ತಾರೆ. ಆ ಕೋಟಿನ ಮುಂದೆ ನಿಂತು ಗಳಗಳ ಅಳುತ್ತಾರೆ. ಯಾರನ್ನು ನೋಡಿ ಅಳುತ್ತಾರೆ ಇವರು ಅಂತ ನನ್ನ ಮೈ ಉರಿಯುತ್ತದೆ. ಹೋದ ಸಲ ಕೇಳಿಯೇಬಿಟ್ಟೆ.

"ಆ ಫೋಟೋ ಯಾಕೆ ಹಾಗೆ ಮಾಡಿಸಿದ್ರಿ ದೊಡ್ಡಪ್ಪ?"

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ ಹೇಳಿದರು: "ಇಲಿ ಹಿಡ್ಕಂಡಿರೋನ ಮುಂದೆ ಜನ ಕೈ ಮುಗೀತಿದ್ರೇನಮ್ಮ? ಅವನು ಬದುಕಿದ್ದಾಗ ಯಾರೂ ಅವನ್ನ ಮೇಲಕ್ಕೆ ಕೂರಿಸ್ಲಿಲ್ಲ. ಒಂದಿನ ಆದ್ರೂ ಕೂರ್ಲಿ ಅಂತ ಮಾಡ್ದೆ."

ಪ್ರೀತಿಯಿಂದ ಮಾಡಿದ್ದು ಅಂತ ನನಗೂ ಗೊತ್ತು. ಗೊತ್ತಿರುವುದರಿಂದ ಸಿಟ್ಟು ಕಡಿಮೆಯಾಗಿಲ್ಲ, ಅದನ್ನು ಅವರ ಎದುರು ಆಡುವ ಬಾಯಿ ಮಾತ್ರ ಕಟ್ಟಿಹೋಗಿದೆ.

ನಾನೀಗ ಗುಬ್ಬಿಯಲ್ಲೇ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಸ್ಟುಡಿಯೋ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ, ತಿನ್ನುವ ದೋಸೆಗೂ ಹತ್ತು ಫೋಟೋ ಇರುತ್ತದೆ. ಅವರೆಕಾಳು ಬೇಯುವ ವಾಸನೆ ಬಂದರೆ ನಾನು ಇವತ್ತಿಗೂ ಕಿಟಕಿ ಬಿಟ್ಟು ಆಚೆ ಸರಿಯುತ್ತೇನೆ.

ತೊಟ್ಟಿಲಲ್ಲಿದ್ದ ತಂಗಿ ಈಗ ಕಾಲೇಜಿಗೆ ಹೋಗುತ್ತಾಳೆ. ಅಪ್ಪ ಅವಳಿಗೆ ನೆನಪೇ ಇಲ್ಲ. ಮೊನ್ನೆ ತಲೆ ಬಾಚಿಕೊಳ್ಳುತ್ತ, ಕೈಗನ್ನಡಿ ಎತ್ತಿಕೊಂಡು ಆ ಫ್ರೇಮಿನ ಪಕ್ಕ ನಿಂತಳು. ಒಮ್ಮೆ ಕನ್ನಡಿ ನೋಡಿದಳು, ಒಮ್ಮೆ ಫ್ರೇಮು ನೋಡಿದಳು.

"ಅಕ್ಕಾ, ನಂಗೆ ಅಪ್ಪನ ಕಣ್ಣೇ ಬಂದಿರೋದು ಅಲ್ವಾ?"

ಅವಳ ಎಡಗಣ್ಣು ನಗುವಾಗ ಸ್ವಲ್ಪ ಕಿರಿದಾಗುತ್ತದೆ. ಹೌದು ಅಂದೆ. ಹಾಗಾದರೆ ಇದರಲ್ಲಿ ಎಲ್ಲಿ ಅಂತ ಅವಳು ಮತ್ತೆ ಗೋಡೆಯ ಕಡೆ ತಿರುಗಿದಳು.

ಅವಳಿಗೆ ತೋರಿಸಲು ಅಪ್ಪನ ಕಣ್ಣಿರುವ ಫೋಟೋ ಒಂದೂ ನಮ್ಮ ಮನೆಯಲ್ಲಿ ಇಲ್ಲ.